ಡಯೋಡಿಗೆ ಅಳತೆ ಕೊಟ್ಟ ಬೆಳಿಗ್ಗೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಗಬಾರದೆಂದು ಎಲ್ಲೂ ಬರೆದಿಲ್ಲ. ಆದರೂ ರೇಡಿಯೇಷನ್ ವಿಭಾಗದಲ್ಲಿ ಎಲ್ಲರೂ ಬಾಯಿ ಬಿಗಿದುಕೊಂಡೇ ಕೂತಿರುತ್ತಾರೆ. ಬಹುಶಃ ಅದಕ್ಕೇ ಅಲ್ಲಿ ಇಂಥ ತಮಾಷೆಗಳು ನಡೆಯುತ್ತಲೇ ಇರುತ್ತವೆ. ಇಲ್ಲಿರುವವೆಲ್ಲ ಒಂದೇ ಬೆಳಿಗ್ಗೆ ನಡೆದವು. ನನ್ನ ಹೆಂಡತಿ ಈಗಿಲ್ಲ. ಇದ್ದಾಗ ಇವನ್ನೆಲ್ಲ ಅವಳೇ ಹೇಳುತ್ತಿದ್ದಳು. ನಾನು ಮೇಷ್ಟ್ರಲ್ಲವೇ, ಪಕ್ಕದಲ್ಲಿ ಕೂತು ತಿದ್ದುತ್ತಿದ್ದೆ.

ಬಿಲ್ಲೆ

ಅವಳು ಮರ್ಫಿ ಟೌನಿನಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಎಡ ಎದೆಯ ಆಪರೇಷನ್ ಗಾಯ ಮಾಯದೆ ರೇಡಿಯೇಷನ್ ಎರಡು ಸಲ ಮುಂದಕ್ಕೆ ಹೋಗಿತ್ತು. ಇನ್ನು ತಡವಾದರೆ ಒಳ್ಳೆಯದಲ್ಲ ಎಂದು ಡಾಕ್ಟರು ಹೇಳಿದ್ದರು. ಅಂದು ಮೊದಲ ದಿನ. ಕಿರಣ ಎಲ್ಲಿಗೆ, ಎಷ್ಟು ಬೀಳಬೇಕೆಂದು ಲೆಕ್ಕ ಹಾಕುವ ಫಿಸಿಸಿಸ್ಟ್ ಬಂದು, ವೈರು ಹತ್ತಿಸಿದ ಸಣ್ಣ ಬಿಲ್ಲೆಯೊಂದನ್ನು ತೋರಿಸಿದರು.

"ಇದು ಡಯೋಡ್ ಅಂತ, ಅಮ್ಮಾ. ಚರ್ಮದ ಮೇಲೆ ಅಂಟಿಸ್ತೀವಿ. ನಾವು ಲೆಕ್ಕ ಹಾಕಿದಷ್ಟೇ ಡೋಸ್ ಬೀಳ್ತಿದ್ಯಾ ಅಂತ ಅಳತೆ ತಗೊಂಡು ಹೇಳುತ್ತೆ."

"ಅಂದ್ರೆ ನಿಮ್ಮ ಲೆಕ್ಕದ ಮೇಲೆ ನಿಮಗೇ ನಂಬಿಕೆ ಇಲ್ಲ."

"ನಂಬಿಕೆ ಇದೆ. ಆದ್ರೂ ನೋಡ್ತೀವಿ."

"ನೋಡಿ, ನೋಡಿ. ನಮ್ಮ ಮೇಷ್ಟ್ರೂ ಅಷ್ಟೇ. ಬೀಗ ಹಾಕಿದ್ಮೇಲೆ ಮೂರು ಸಲ ಜಗ್ಗಿ ನೋಡ್ತಾರೆ."

ಫಿಸಿಸಿಸ್ಟ್ ನನ್ನ ಮುಖ ನೋಡಿದರು. ಎರಡು ಸಲ ಎಂದು ನಾನು ತಿದ್ದಿದೆ.

ಖಾಲಿ ಹೊಟ್ಟೆ

ಅವಳನ್ನು ಒಳಗೆ ಕರೆದುಕೊಂಡು ಹೋದರು. ಹೊರಗೆ ನನ್ನ ಪಕ್ಕದಲ್ಲಿ ಕಗ್ಗದಾಸಪುರದ ತಾತ ಒಬ್ಬರು, ಮುಂದಿನ ಸರದಿಯವರು, ಗೋಡೆಗೆ ಒರಗಿದ್ದರು. ಮುಖ ಬಾಡಿತ್ತು. ಮೆಷಿನ್ ನಡೆಸುವ ಹುಡುಗಿ ಗಾಬರಿಯಿಂದ ಬಂದು ನೀರು ಕೊಟ್ಟಳು.

"ಏನ್ ತಾತ, ತಲೆ ಸುತ್ತುತ್ತಾ?"

"ಇಲ್ಲಮ್ಮ, ಹಸಿವು. ನನಗೂ ಡಯೋಡ್ ಹಾಕಿ ನೋಡ್ತೀವಿ ಅಂದಿದ್ರಲ್ಲ. ಟೆಸ್ಟು ಅಂದ್ರೆ ಖಾಲಿ ಹೊಟ್ಟೇಲೇ ಬರಬೇಕು ಅಂತ ಸೊಸೆ ರಾತ್ರಿಯಿಂದ ಏನೂ ಕೊಟ್ಟಿಲ್ಲ."

"ಇದಕ್ಕೆ ತಿಂಡಿ ತಿನ್ಕೊಂಡೇ ಬರಬಹುದು ತಾತ."

"ಅದನ್ನ ನೀನೇ ಫೋನ್ ಮಾಡಿ ಅವಳಿಗೆ ಹೇಳು. ನಾನು ಹೇಳಿದ್ರೆ ಇಡ್ಲಿ ಆಸೆಗೆ ಸುಳ್ಳು ಹೇಳ್ತಿದೀನಿ ಅಂತಾಳೆ."

ಉಸಿರು

ಬಾಗಿಲ ಮೇಲಿನ ಕೆಂಪು ದೀಪ ಹತ್ತಿತು. ಅಂದರೆ ಒಳಗೆ ಕಿರಣ ಬೀಳುತ್ತಿದೆ. ಆದರೆ ಅದು ಬೇಗನೆ ಆರಿತು. ಫಿಸಿಸಿಸ್ಟ್ ಒಳಗೆ ಹೋಗಿ ಬಂದರು. ಮತ್ತೆ ದೀಪ ಹತ್ತಿತು, ಮತ್ತೆ ಆರಿತು. ಈ ಸಲ ಅವರು ಓಡಿದಂತೆಯೇ ಹೋದರು. ತಾತ ಹಸಿವಿನ ಮಾತು ನಿಲ್ಲಿಸಿದರು. ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಕಂಟ್ರೋಲ್ ರೂಮಿಗೆ ಕರೆದರು.

"ಸಾರ್, ಡಯೋಡ್ ಜಾಸ್ತಿ ತೋರಿಸ್ತಿದೆ. ನೂರಕ್ಕೆ ಐದರವರೆಗೆ ಆಚೀಚೆ ಆದ್ರೆ ಬಿಡ್ತೀವಿ. ಇದು ದಾಟಿದೆ. ಬೇರೆ ಡಯೋಡ್ ಹಾಕಿದೆ, ಹಾಗೇ ಬಂತು. ಒಳಗೆ ಹೋಗಿ ಮೆಷಿನ್ನಿಗೂ ಎದೆಗೂ ಇರೋ ದೂರ ಅಳೆದೆ, ಅದು ಸರಿಯಾಗೇ ಇದೆ."

"ಈಗ ಏನು ಮಾಡ್ತೀರಿ?"

"ಯಾಕೆ ಅಂತ ಗೊತ್ತಾಗೋವರೆಗೂ ಕೊಡಲ್ಲ. ಗೊತ್ತಾಗ್ಲಿಲ್ಲ ಅಂದ್ರೆ ಮತ್ತೆ ಸ್ಕ್ಯಾನಿಂದ ಶುರು ಮಾಡಬೇಕು."

ಎಡ ಎದೆ. ಅದರ ಹಿಂದೆ ಹೃದಯ. ಕೊಟ್ಟರೆ ಹೃದಯದ ಭಯ, ಕೊಡದಿದ್ದರೆ ಕಾಯಿಲೆಯ ಭಯ. ಟಿವಿ ಪರದೆಯ ಮೇಲೆ ಅವಳು ಒಬ್ಬಳೇ ಮಲಗಿದ್ದಳು. ನಾನು ಕುರ್ಚಿಯ ಬೆನ್ನು ಹಿಡಿದು ನಿಂತೆ.

"ಇನ್ನೊಂದ್ಸಲ, ಬರೀ ನೋಡೋಕೆ. ಕಿರಣ ಬೇಡ," ಎಂದರು ಫಿಸಿಸಿಸ್ಟ್. ಹುಡುಗಿ ಒಳಗೆ ಹೋಗಿ, "ಅಮ್ಮಾ, ಮತ್ತೆ ಅಳತೆ ತಗೋತೀವಿ, ಅಲ್ಲಾಡ್ಬೇಡಿ," ಎಂದು ಹೇಳಿ ಬಂದು ಬಾಗಿಲು ಮುಚ್ಚಿದಳು. ಮೂವರೂ ಪರದೆಯನ್ನೇ ನೋಡಿದೆವು.

"ಸಾರ್," ಎಂದಳು ಹುಡುಗಿ ಮೆಲ್ಲಗೆ, "ಬಾಗಿಲು ಮುಚ್ಚಿದ ತಕ್ಷಣ ಅಮ್ಮ ಎತ್ತರ ಆದ್ರು."

ನಿಜ. ಎದೆ ಮೇಲಕ್ಕೆದ್ದು ಅಲ್ಲೇ ನಿಂತಿತ್ತು. ಫಿಸಿಸಿಸ್ಟ್ ಮೈಕಿನ ಬಟನ್ ಒತ್ತಿದರು.

"ಅಮ್ಮಾ, ಉಸಿರು ಹಿಡ್ಕೊಂಡಿದೀರಾ?"

ಸ್ಪೀಕರಿನಲ್ಲಿ ದೊಡ್ಡ ಉಸಿರೊಂದು ಹೊರಬಿತ್ತು.

"ಹ್ಞೂಂ ಸಾರ್. ನೀವು ಅಳತೆ ಮುಗೀತು ಅಂತ ಹೇಳಲೇ ಇಲ್ಲ."

"ಹಿಡ್ಕೊಳ್ಳಿ ಅಂತ ಯಾರು ಹೇಳಿದ್ರು?"

"ಯಾರು ಹೇಳಬೇಕು? ನನ್ನ ಹತ್ರ ಬಂದವರಿಗೆಲ್ಲ ನಾನೇ ಹೇಳೋದು, ಉಸಿರು ತುಂಬ್ಕೊಂಡು ನಿಲ್ಲಿ ಅಂತ. ಖಾಲಿ ಎದೆ ಅಳತೆ ತಗೊಂಡ್ರೆ ಬ್ಲೌಸು ಬಿಗಿಯಾಗಲ್ವಾ?"

ಎದೆ ಎದ್ದಾಗ ಡಯೋಡು ಮೆಷಿನ್ನಿಗೆ ಹತ್ತಿರವಾಗುತ್ತಿತ್ತು, ರೀಡಿಂಗ್ ಏರುತ್ತಿತ್ತು. ಇವರು ಒಳಗೆ ಹೋದಾಗ ಅವಳು ಮಾತಾಡಲು ಉಸಿರು ಬಿಡುತ್ತಿದ್ದಳು, ಎಲ್ಲ ಸರಿಯಾಗುತ್ತಿತ್ತು. ಮಾಮೂಲಾಗಿ ಉಸಿರಾಡಲು ಹೇಳಿ ಮತ್ತೆ ಶುರು ಮಾಡಿದರು. ಕೆಂಪು ದೀಪ ಹತ್ತಿ ಉರಿಯುತ್ತಲೇ ಇತ್ತು. ಅದು ಆರಿದಾಗ ಫಿಸಿಸಿಸ್ಟ್ ಸಂಖ್ಯೆ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಕುರ್ಚಿ ಬಿಟ್ಟೆ.

ಅವಳು ಸೆರಗು ಸರಿಮಾಡಿಕೊಳ್ಳುತ್ತ ಬಂದಳು.

"ಸಾರ್, ಅಳತೆ ಜಾಸ್ತಿ ಬಂತಂತಲ್ಲ. ನೀವು ಆಚೀಚೆಗೆ ಎಷ್ಟು ಬಿಡ್ತೀರಿ?"

"ನೂರಕ್ಕೆ ಐದು, ಅಮ್ಮಾ. ಅಷ್ಟೇ."

ಅವಳು ಅವರನ್ನು ಕನಿಕರದಿಂದ ನೋಡಿದಳು.

"ಸಾಲಲ್ಲ ಸಾರ್. ನಾನು ಅಷ್ಟೇ ಬಿಟ್ಟು ಹೊಲಿದ್ರೆ, ಒಂದು ಹಬ್ಬದೂಟಕ್ಕೇ ಹುಕ್ಕು ಕಿತ್ತು ಬರುತ್ತೆ."