ಕವಿವಾಣಿ ನಂಬಿ ಯಜಮಾನರನ್ನು ತೆಂಗಿನ ಮರ ಹತ್ತಿಸಿದ್ದು

ಭಾನುವಾರ ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ನನ್ನ ಮೊಬೈಲು ಟಿಂಗ್ ಎಂದಿತು. ಎಲ್ಲ ಕೆಟ್ಟದ್ದು ಅಲ್ಲಿಂದಲೇ.

ಸಂದೇಶ ಕಳಿಸಿದವರು ಹೊಳೆನರಸೀಪುರದ ಹಿರಿಯ ಕವಿಯೊಬ್ಬರು. ನಾನು ಹಾಸನದ ಕಾಲೇಜೊಂದರಲ್ಲಿ ಗ್ರಂಥಪಾಲಕಿ, ಕನ್ನಡದಲ್ಲಿ ಎಂ.ಎ. ಒಮ್ಮೆ ಅವರು ನಮ್ಮಲ್ಲಿಗೆ ಭಾಷಣಕ್ಕೆ ಬಂದಾಗ, "ನಿಮ್ಮ ಸಾಲುಗಳಲ್ಲಿ ಬದುಕೇ ಇದೆ ಸಾರ್" ಎಂದುಬಿಟ್ಟೆ. ಕವಿಗಳಿಗೆ ಅಷ್ಟು ಸಾಕಾಯಿತು. ಅಂದಿನಿಂದ ದಿನಕ್ಕೊಂದು ನುಡಿ ತಪ್ಪದೆ ಬರತೊಡಗಿತು.

ನಾನು ಅವನ್ನು ಬರೀ ಓದುವವಳಲ್ಲ, ಪಾಲಿಸುವವಳು. 'ಎಲ್ಲ ಕರೆಗೂ ಓಗೊಡಬೇಡ, ಮೌನವೂ ಒಂದು ಉತ್ತರ' ಎಂದು ಬಂದ ದಿನ ಗುರುತಿಲ್ಲದ ನಂಬರಿನ ಕರೆಗಳಿಗೆ ಓಗೊಡಲಿಲ್ಲ. ಗ್ಯಾಸಿನವನು ಸಿಲಿಂಡರನ್ನು ವಾಪಸ್ಸು ಒಯ್ದ. 'ಅವಸರದ ಕೈಗೆ ರುಚಿ ದಕ್ಕದು' ಎಂದು ಬಂದ ದಿನ ಕುಕ್ಕರಿನ ಸೀಟಿ ಎಣಿಸುವುದನ್ನೇ ಬಿಟ್ಟೆ. ತಳ ಹಿಡಿದ ಬೇಳೆಯನ್ನು ಚಮಚದಲ್ಲಿ ಕೆರೆದು ತೆಗೆದವರು ನಮ್ಮ ಯಜಮಾನರು ರಮೇಶ್. ಅವರು ಅರ್ಥಶಾಸ್ತ್ರದ ಉಪನ್ಯಾಸಕರು, ಕೆರೆಯುತ್ತಾ ಒಂದೇ ಮಾತು ಹೇಳಿದರು: "ನಿನ್ನ ಕವೀನ ಒಂದಿನ ಊಟಕ್ಕೆ ಕರಿ."

ಆ ಭಾನುವಾರ ನಾವು ಚನ್ನರಾಯಪಟ್ಟಣದಾಚೆ, ನುಗ್ಗೇಹಳ್ಳಿ ರಸ್ತೆಯಲ್ಲಿರುವ ಅತ್ತಿಗೆಯ ಮನೆಯಲ್ಲಿದ್ದೆವು. ಅತ್ತಿಗೆ ಎಂದರೆ ಯಜಮಾನರ ಅಕ್ಕ. ತೋಟದ ಅಂಚಿಗೆ ಹೊಸ ಮನೆ ಕಟ್ಟಿದ್ದರು. ಮರುದಿನ ಬೆಳಗ್ಗೆ ಗೃಹಪ್ರವೇಶ. ಕಳಶದ ಪಕ್ಕಕ್ಕೆ ತೆಂಗಿನ ಹೊಂಬಾಳೆ ಬೇಕೇಬೇಕು. ತಲೆಯ ಮೇಲೆ ತೋಟದ ತುಂಬ ಹೊಂಬಾಳೆ, ಕೊಯ್ಯುವವರು ಮಾತ್ರ ಯಾರೂ ಇಲ್ಲ.

"ಮರ ಹತ್ತೋ ಚೆಲುವ ಅರಕಲಗೂಡ್ ಕಡೆ ಮದ್ವೆಗೆ ಓಗ್ಬುಟ್ಟವ್ನೆ ಕಣಮ್ಮ" ಎಂದರು ಅತ್ತಿಗೆ. "ನಾಳೆ ಮಧ್ಯಾಹ್ನ ಬತ್ತನಂತೆ. ಬಂದು ಏನ್ ಮಾಡ್ತನೆ, ಪಾಯಸ ಕುಡಿಯಕ್ಕಾ?"

"ಮಿಸೀನ್ ಐತಲ್ಲ" ಎಂದರು ಭಾವ. "ಸಬ್ಸಿಡೀಲಿ ತಂದಿದ್ದು. ಒಂದ್ಸಲಾನೂ ಹತ್ತಿಲ್ಲ."

ಮರ ಹತ್ತುವ ಆ ಯಂತ್ರ ನೋಡಲು ಬಹಳ ಸರಳ. ಬಲಗಾಲಿಗೊಂದು, ಎಡಗಾಲಿಗೊಂದು ಕಬ್ಬಿಣದ ಚೌಕಟ್ಟು. ಎರಡರಿಂದಲೂ ಮರಕ್ಕೆ ಒಂದೊಂದು ಉಕ್ಕಿನ ಹಗ್ಗ ಸುತ್ತಿರುತ್ತದೆ. ಒಂದರ ಮೇಲೆ ಭಾರ ಹಾಕಿ ಇನ್ನೊಂದನ್ನು ಮೇಲಕ್ಕೆತ್ತುತ್ತಾ ಹೋದರಾಯಿತು.

"ಹಾಗಾದ್ರೆ ನೀವೇ ಹತ್ತಿ ಭಾವ" ಎಂದರು ಯಜಮಾನರು.

"ನಂಗೆ ಮಂಡಿನೋವು ಕಣಪ್ಪ. ಇಲ್ದಿದ್ರೆ ಸರ್ರನೆ ಓಗ್ಬುಡ್ತಿದ್ದೆ."

ಯಜಮಾನರು ಮರವನ್ನು ಬುಡದಿಂದ ತುದಿಯವರೆಗೆ ನೋಡಿದರು. ನೋಡಿ, ಮನೆಯ ಕಡೆಗೆ ಎರಡು ಹೆಜ್ಜೆ ಇಟ್ಟೂ ಆಗಿತ್ತು. ಅವರ ಪಾಡಿಗೆ ಬಿಟ್ಟಿದ್ದರೆ ಒಳಗೆ ಹೋಗಿ ಪೇಪರ್ ಓದುತ್ತಿದ್ದರು. ನಾನು ಬಿಡಬೇಕಲ್ಲ. ಮೊಬೈಲು ತೆಗೆದು, ಅತ್ತಿಗೆ, ಭಾವ ಮತ್ತು ಮನೆ ಮುಂದೆ ಕಂಬ ನೆಡುತ್ತಿದ್ದ ಶಾಮಿಯಾನದವರಿಗೆಲ್ಲ ಕೇಳುವಂತೆ ಅಂದಿನ ನುಡಿಯನ್ನು ಓದಿದೆ: 'ಏರುವವನು ಕೆಳಗೆ ನೋಡಬಾರದು. ನೆಲ ಅವನದಲ್ಲ, ಮುಗಿಲು ಅವನದು.'

"ನೋಡ್ರೀ, ಇವತ್ತೇ ಬಂದಿದೆ. ನಿಮಗೋಸ್ಕರಾನೇ ಬರೆದಂಗಿದೆ."

"ಬ್ಯಾಡ ಕಣ್ಲಾ ರಮೇಸ" ಎಂದರು ಅತ್ತಿಗೆ. "ಚಿಕ್ಕೋನಿದ್ದಾಗ ಅಟ್ಟ ಹತ್ತಿ ಅತ್ಕಂಡು ಕೂತಿದ್ದೆ."

ಶಾಮಿಯಾನದವರು ನಕ್ಕರು. ಆ ನಗುವೊಂದು ಕಡಿಮೆಯಾಗಿತ್ತು. ಯಜಮಾನರು ಪ್ಯಾಂಟು ಮಡಚಿದರು.

ಹತ್ತಿದ್ದು ಮಾತ್ರ ಸೊಗಸಾಗಿಯೇ ಇತ್ತು. ಬಲಗಾಲು, ಎಡಗಾಲು, ಬಲಗಾಲು. ನಾನು ವೀಡಿಯೊ ಮಾಡಿಕೊಳ್ಳುತ್ತಿದ್ದೆ, ಕವಿಗಳಿಗೆ ಕಳಿಸಲೆಂದು. ಮನೆಯ ಸಜ್ಜೆಯನ್ನು ದಾಟಿದರು, ನೀರಿನ ಟ್ಯಾಂಕನ್ನೂ ದಾಟಿದರು. ಆಗ ಎಡಗಾಲು ಚೌಕಟ್ಟಿನಿಂದ ಜಾರಿ ಹೊರಬಂತು. ಭಾರ ತಪ್ಪಿದ ಚೌಕಟ್ಟು ಮರವನ್ನು ಕೆರೆಯುತ್ತಾ, ಕರಕರ ಸದ್ದು ಮಾಡುತ್ತಾ ಇಳಿದು ಬಂದು ನನ್ನ ಕಾಲ ಬಳಿ ನಿಂತಿತು. ಅದು ಬಂತು, ಅವರು ಬರಲಿಲ್ಲ.

ಎರಡೂ ಕೈಯಲ್ಲಿ ಮರವನ್ನು ತಬ್ಬಿ, ಒಂದೇ ಕಾಲಿನ ಮೇಲೆ ನಿಂತಿದ್ದರು. ಕೆಳಗಿನಿಂದ ನನಗೆ ಸರಿಯಾಗಿ ಕಾಣುತ್ತಿದ್ದುದು ಅವರ ಬಲಗಾಲಿನ ಹಿಮ್ಮಡಿಯೊಂದೇ. ಅದು ನಡುಗುತ್ತಿತ್ತು. ಬೆಳಗ್ಗೆ ಆ ಹಿಮ್ಮಡಿಯ ಬಿರುಕು ನೋಡಿ, ಮುಲಾಮು ಹಚ್ಚಿಕೊಳ್ಳಿ ಎಂದು ಬೈದಿದ್ದೆ. ಈಗ ಅದೊಂದು ಗಟ್ಟಿಯಾಗಿ ನಿಂತರೆ ಸಾಕು, ಜನ್ಮದಲ್ಲಿ ಬೈಯುವುದಿಲ್ಲ ಎಂದುಕೊಂಡೆ.

"ಬೆಲ್ಟ್ ಬಿಗಿಯಾಗಿ ಹಿಡ್ಕಳ್ಲಾ" ಎಂದು ಕೂಗಿದರು ಅತ್ತಿಗೆ.

"ಯಾವ ಬೆಲ್ಟ್?" ಎಂದಿತು ಮರ.

ನಾವೆಲ್ಲ ಭಾವನ ಕಡೆ ತಿರುಗಿದೆವು. ಯಂತ್ರದ ಜೊತೆ ಸೊಂಟಕ್ಕೆ ಕಟ್ಟಿಕೊಳ್ಳುವ ಬೆಲ್ಟೂ ಬಂದಿತ್ತಂತೆ.

"ಅದರಲ್ಲಿ ಸ್ಕೂಟರಿಗೆ ಹಾಲಿನ ಕ್ಯಾನ್ ಕಟ್ಟಿವ್ನಿ" ಎಂದರು ಭಾವ. "ಬಲೇ ಗಟ್ಟಿ. ಡೈರಿಗೆ ಓಗೋವಾಗ ಒಂದಿನಾನೂ ಕ್ಯಾನ್ ಬಿದ್ದಿಲ್ಲ."

ಕ್ಯಾನಿಗೆ ಇದ್ದ ಭದ್ರತೆ ನನ್ನ ಗಂಡನಿಗಿರಲಿಲ್ಲ. ಏನಾದರೂ ಮಾಡಲೇಬೇಕಿತ್ತು. ವಿದ್ಯಾವಂತೆಯಾದ ನಾನು ಏನು ಮಾಡಿದೆ? ಮೊಬೈಲಿನಲ್ಲಿದ್ದ ಹಳೆಯ ನುಡಿಗಳನ್ನು ಹುಡುಕಿ, ಧೈರ್ಯಕ್ಕೆ ಸಂಬಂಧಿಸಿದವನ್ನು ಗಟ್ಟಿಯಾಗಿ ಓದತೊಡಗಿದೆ.

"ಅದನ್ನ ನಿಲ್ಲಿಸ್ತೀಯಾ, ಕೈ ಬಿಡ್ಲಾ?" ಎಂದರು ಮೇಲಿನಿಂದ.

ನಿಲ್ಲಿಸಿದೆ. ಕವಿಗಳಿಗೇ ಫೋನ್ ಮಾಡಿದೆ.

"ಸಾರ್, ಏರುವವನು ಕೆಳಗೆ ನೋಡಬಾರದು ಅಂದ್ರಲ್ಲ, ಇಳಿಯೋದು ಹೇಗೆ ಸಾರ್?"

"ಯಾರು ತಾಯಿ ಏರಿರೋದು? ಪ್ರಮೋಷನ್ನಾ?"

"ತೆಂಗಿನ ಮರ ಸಾರ್. ನಮ್ಮೆಜಮಾನ್ರು. ಒಂದು ಕಾಲಲ್ಲಿ ನಿಂತಿದ್ದಾರೆ."

ಕವಿಗಳು ಮೆಲ್ಲಗೆ, "ಅಮ್ಮಾ, ನಾನು ಟ್ಯೂಬ್‌ಲೈಟ್ ಹಾಕೋಕೂ ಸ್ಟೂಲ್ ಹತ್ತೋನಲ್ಲ. ಫೋನಿಡಿ. ಏಣಿ ತನ್ನಿ" ಎಂದರು.

ಅವರ ಸಾಹಿತ್ಯದಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದ ಸಾಲು ಅದು. ಏಣಿ ಶಾಮಿಯಾನದವರ ಗಾಡಿಯಲ್ಲೇ ಇತ್ತು. ಅಷ್ಟು ಹೊತ್ತೂ ಅದು ನಮ್ಮೆಲ್ಲರ ಕಣ್ಣೆದುರಿಗೇ ಇತ್ತು. ಎರಡು ಏಣಿ ಸೇರಿಸಿ ಕಟ್ಟಿದರು. ಒಬ್ಬ ಹತ್ತಿ ಅವರ ಸೊಂಟಕ್ಕೆ ಹಗ್ಗ ಸುತ್ತಿದ. ಇನ್ನೊಬ್ಬ ಒಂದೊಂದೇ ಪಾದವನ್ನು ಹಿಡಿದು ಮೆಟ್ಟಿಲ ಮೇಲಿಟ್ಟ. ಯಜಮಾನರು ನೆಲ ಮುಟ್ಟಿದರು. ಬುಡದಲ್ಲೇ ಕೂತರು. ಕೈಗಳೆರಡೂ ಮರ ತಬ್ಬಿದ ಆಕಾರದಲ್ಲೇ ಉಳಿದಿದ್ದವು. ಕಾಫಿಯನ್ನು ನಾನೇ ಕುಡಿಸಿದೆ. ಅರ್ಧ ಅವರ ಅಂಗಿ ಕುಡಿಯಿತು.

"ಒಂಬಾಳೆ ಎಲ್ಲಿ?" ಎಂದರು ಅತ್ತಿಗೆ.

ಅದನ್ನು ಸಂಜೆ ಭಾವ ಚನ್ನರಾಯಪಟ್ಟಣದ ಹೂವಿನಂಗಡಿಯಿಂದ ತಂದರು. ಅಲ್ಲಿ ಅದನ್ನು ಬಕೆಟ್ಟಿನಲ್ಲಿ ನಿಲ್ಲಿಸಿ ಮಾರುತ್ತಾರಂತೆ.

ಗೃಹಪ್ರವೇಶ ಚೆನ್ನಾಗಿಯೇ ಆಯಿತು. ನಿದ್ದೆ ಮಾತ್ರ ಹೋಯಿತು. ಮರದಲ್ಲಿ ನಿಂತವರು ಅವರು, ಬೆಚ್ಚಿ ಏಳುವವಳು ನಾನು. ಕಣ್ಣು ಮುಚ್ಚಿದರೆ ಆ ಕರಕರ ಸದ್ದು. ಎದ್ದು ಕೂತು ಅವರ ಹಿಮ್ಮಡಿಯನ್ನು ಗಟ್ಟಿಯಾಗಿ ಹಿಡಿಯುತ್ತಿದ್ದೆ. ಅವರು ಕಿರುಚಿಕೊಂಡು ಏಳುತ್ತಿದ್ದರು. ಬೆಳಕು ಹರಿಯುವವರೆಗೂ ಇಬ್ಬರೂ ಎಚ್ಚರ. ಆಗೆಲ್ಲ ನಾನು ಕವಿಗಳಿಗೆ, 'ಸಾರ್, ಭಯ ಹೋಗೋದಕ್ಕೆ ಒಂದು ಸಾಲು' ಎಂದು ಬರೆಯುತ್ತಿದ್ದೆ. ಮೊದಲು, 'ಭಯವು ಬೆಳಕಿಗೆ ಬೆನ್ನು ಮಾಡಿದವನ ನೆರಳು' ಎಂದು ಉತ್ತರಿಸಿದರು. ಆಮೇಲೆ, 'ಮಲಗಿ ತಾಯಿ' ಎಂದರು. ಆಮೇಲೆ ಏನೂ ಅನ್ನಲಿಲ್ಲ. ನಾನು ಬಿಡಲಿಲ್ಲ.

ಕೊನೆಗೊಂದು ಶನಿವಾರ ಯಜಮಾನರು ಮಂಚದ ಹಾಸಿಗೆಯನ್ನು ಎಳೆದು ನೆಲಕ್ಕೆ ಹಾಕಿದರು. "ಇನ್ನು ಬೀಳೋಕೆ ಜಾಗ ಇಲ್ಲ, ಮಲಕ್ಕೋ" ಎಂದರು. ಮಲಗಿದೆ. ಮತ್ತೆ ಕಣ್ಣು ಬಿಟ್ಟಾಗ ಭಾನುವಾರದ ಬಿಸಿಲು ಮುಖದ ಮೇಲಿತ್ತು. ಪಕ್ಕದಲ್ಲಿ ಯಜಮಾನರು ಗೊರಕೆ ಹೊಡೆಯುತ್ತಿದ್ದರು.

ಇಂಥ ಅನುಭವವನ್ನು ವ್ಯರ್ಥ ಮಾಡಬಾರದೆಂದು ನಾನೇ ಒಂದು ನುಡಿ ರಚಿಸಿದೆ: 'ನೆಲಕ್ಕೆ ಒರಗಿದವನಿಗೆ ನೆಲದ ಭಯವಿಲ್ಲ.' ಕವಿಗಳಿಗೆ ಕಳಿಸಿ ಕಾದೆ. ಒಂದೇ ಟಿಕ್ ಬಿತ್ತು. ಅವರ ಫೋಟೋ ಇದ್ದ ಜಾಗದಲ್ಲಿ ಬರೀ ಬೂದು ಬಣ್ಣದ ವೃತ್ತ. ನನ್ನನ್ನು ಬ್ಲಾಕ್ ಮಾಡಿದ್ದರು.

ಹಿಂದಿನ ರಾತ್ರಿ ಅವರೂ ಚೆನ್ನಾಗಿ ನಿದ್ದೆ ಮಾಡಿರಬೇಕು.