ಚನ್ನವ್ವನ ಬಾಯಾಗ ಬರಲಾರದ ಶಬ್ದ

ಚನ್ನವ್ವ: ಹೇಳಂಗಿಲ್ಲ ಅಂದ್ರ ಹೇಳಂಗಿಲ್ರಿ!

ಪ್ರಭುಲಿಂಗಪ್ಪ: ಹೇಳಲಿಲ್ಲಂದ್ರ ನಿನ್ನ ಪೆಟ್ಟಿಗಿ ತೆಗಿಯೂದು ಹ್ಯಾಂಗ? ನಾ ನಿನ್ನ ಗಂಡ ಹೌದೋ ಅಲ್ಲೋ?

ಚನ್ನವ್ವ: ಹೌದ್ರಿ. ಅದಕ್ಕ ನೋಡ್ರಿ ಹೇಳಾಕ ಬರವಲ್ದು.

ಈ ಜಗಳದಲ್ಲಿ ಗಂಡ ರೋಣದಲ್ಲಿದ್ದ, ಹೆಂಡತಿ ಸವಡಿಯಲ್ಲಿದ್ದಳು, ನಡುವೆ ಟೆಲಿಫೋನಿನ ತಂತಿ ಇತ್ತು. ೨೦೦೭ರ ಮಾತು. ರೋಣದ ಬಸ್ ಸ್ಟ್ಯಾಂಡಿನೆದುರು ದಿಲಾವರನ ಅಂಗಡಿ, ಎಸ್‌.ಟಿ.ಡಿ., ಜೆರಾಕ್ಸ್, ಇಂಟರ್‌ನೆಟ್ ಮೂರೂ ಒಂದೇ ಸೂರಿನಡಿ. ನಾಲ್ಕು ಕಂಪ್ಯೂಟರು. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಕಾಣಬಾರದೆಂದು ನಾಲ್ಕಕ್ಕೂ ಹೂವಿನ ಪರದೆ. ಆದರೆ ಫೋನಿನ ರಿಸೀವರು ಕೆಟ್ಟು ತಿಂಗಳಾಗಿತ್ತು, ಮಾತೆಲ್ಲ ಸ್ಪೀಕರಿನಲ್ಲೇ ನಡೆಯಬೇಕು. ಹೀಗಾಗಿ ಚನ್ನವ್ವನ ದನಿ ನಾಲ್ಕೂ ಪರದೆಯೊಳಗೆ ಹೊಕ್ಕು ಬರುತ್ತಿತ್ತು.

ಚನ್ನವ್ವ ಸವಡಿಯ ಮಹಿಳಾ ಸಂಘದ ಅಧ್ಯಕ್ಷೆ. ಹುಬ್ಬಳ್ಳಿಯ ಪ್ರದರ್ಶನದಲ್ಲಿ ಸಂಘದ ಕಡಕ್ ರೊಟ್ಟಿಗೂ ಶೇಂಗಾ ಚಟ್ನಿಗೂ ಒಂದು ಮಳಿಗೆ ಸಿಕ್ಕಿದೆ ಎಂದು ಅಲ್ಲಿಯವರು ಮಧ್ಯಾಹ್ನ ಫೋನು ಮಾಡಿದ್ದರು. ಆದರೆ ಸಂಘದ ಇ-ಮೇಲಿನಿಂದಲೇ ‘ಒಪ್ಪಿಗೆ’ ಎಂದು ಐದು ಗಂಟೆಯೊಳಗೆ ಬರಬೇಕು, ಇಲ್ಲವಾದರೆ ಮಳಿಗೆ ಬೇರೆಯವರಿಗೆ. ಸವಡಿಯಿಂದ ರೋಣಕ್ಕೆ ಮುಂದಿನ ಬಸ್ಸು ಐದೂವರೆಗೆ. ಅಂಗಳದಲ್ಲಿ ಹತ್ತು ಜನ ಹೆಂಗಸರು ರೊಟ್ಟಿ ಬಡಿಯುತ್ತಾ ಕೂತಿದ್ದಾರೆ. ಸಂತೆಗೆಂದು ರೋಣಕ್ಕೆ ಹೋಗಿದ್ದ ಗಂಡನೇ ಗತಿ, ಆದರೆ ಇ-ಮೇಲಿನ ಪೆಟ್ಟಿಗೆ ತೆಗೆಯಲು ಅವನಿಗೆ ಅವಳ ಪಾಸ್‌ವರ್ಡ್ ಬೇಕು. ಗಡಿಯಾರದಲ್ಲಿ ಆಗಲೇ ನಾಲ್ಕೂವರೆ.

ನಿಜ ಹೇಳಬೇಕೆಂದರೆ ಪ್ರಭುಲಿಂಗಪ್ಪನಿಗೆ ಮಳಿಗೆಯ ಚಿಂತೆ ಅಷ್ಟಿರಲಿಲ್ಲ. ಮದುವೆಯಾಗಿ ಮೂವತ್ತು ವರ್ಷವಾದ ಮೇಲೆ ಹೆಂಡತಿಯ ಹೊಟ್ಟೆಯಲ್ಲಿ ತನಗೆ ಗೊತ್ತಿಲ್ಲದ ಒಂದು ಶಬ್ದ ಇದೆಯಲ್ಲ, ಅದು ಅವನನ್ನು ಕುಟುಕುತ್ತಿತ್ತು.

ದಿಲಾವರ: ಕಾಕಾರ, ಸಿಟ್ಟ ಮಾಡಬ್ಯಾಡ್ರಿ. ಅವ್ವಾರಿಗೆ ಇದನ್ನ ಕಲಿಸಿದಾಂವ ನಾನ. ಗ್ವಾಡಿ ಮ್ಯಾಲ ಬರದೀನಿ ನೋಡ್ರಿ.

ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿತ್ತು: ‘ಪಾಸ್‌ವರ್ಡ್ ಯಾರಿಗೂ ಹೇಳಬೇಡಿ. ಗೆಳೆಯರಿಗೂ, ಅಂಗಡಿಯವನಿಗೂ.’ ಅದರ ಕೆಳಗೆ ನೀಲಿ ಬಣ್ಣದಲ್ಲಿ, ಆಮೇಲೆ ಸೇರಿಸಿದ್ದು: ‘ಗಂಡನಿಗೂ.’

ಪ್ರಭುಲಿಂಗಪ್ಪ: ಈ ನೀಲಿದು ಯಾವಾಗ ಬರದಿ?

ದಿಲಾವರ: ಅವ್ವಾರು ಬಂದಾಗ್ರಿ. ಅವರ ನಿಂತು ಬರಿಸಿದ್ರು.

ಪ್ರಭುಲಿಂಗಪ್ಪ: ಅಕಿ ಒತ್ತುವಾಗ ನೀ ಬಾಜೂಕ ಇದ್ದಿ. ನೋಡಿರತಿ. ಸುಮ್ನ ಹೇಳಿಬಿಡು.

ದಿಲಾವರ: ತೌಬಾ ತೌಬಾ! ಗಿರಾಕಿ ಪಾಸ್‌ವರ್ಡ್ ಒತ್ತುವಾಗ ನಾ ಗ್ವಾಡಿ ಕಡೆ ಮಾರಿ ಮಾಡ್ತೀನ್ರಿ. ಆ ಗ್ವಾಡಿ ಮ್ಯಾಲ ಹಲ್ಲಿ ಎಷ್ಟ ಅದಾವು ಕೇಳ್ರಿ, ಹೇಳ್ತೀನಿ. ಪಾಸ್‌ವರ್ಡ್ ಕೇಳಬ್ಯಾಡ್ರಿ.

ಪ್ರಭುಲಿಂಗಪ್ಪ: ಅಂಥಾದ್ದೇನ ಕಲಿಸಿದೆಪಾ ಅಕಿಗೆ?

ದಿಲಾವರ: ಏನಿಲ್ರಿ. ‘ಎಂದೂ ನಿಮ್ಮ ಬಾಯಾಗ ಬರಲಾರದ ಶಬ್ದ ಇಡ್ರಿ’ ಅಂದೆ. ‘ಅಂಥಾದು ನನ್ನ ಕಡೆ ಒಂದ ಐತಪಾ’ ಅಂತ ನಕ್ಕೋತ ಒತ್ತಿದ್ರು.

ಪ್ರಭುಲಿಂಗಪ್ಪ: ಅಕಿ ಬಾಯಾಗ ಬರಲಾರದ ಶಬ್ದ? ಮೂವತ್ತ ವರ್ಷದಾಗ ಅಂಥಾದು ನಾ ಒಂದೂ ಕಂಡಿಲ್ಲ!

ಚನ್ನವ್ವ: ಇಲ್ಲಿ ಎಲ್ಲಾ ಕೇಳಸಾಕತ್ತೈತ್ರಿ!

ಪ್ರಭುಲಿಂಗಪ್ಪ: ಕೇಳಲಿ. ನನ್ನ ಮ್ಯಾಲ ಯಾಕ ನಂಬಿಗಿ ಇಲ್ಲ ನಿನಗ, ಅದನ್ನ ಹೇಳು.

ಚನ್ನವ್ವ: ಹೇಳ್ಲೇನ? ಚಟ್ನಿಗೆ ಹುಣಸಿಚಿಗುರು ಒಣಗಿಸಿ ಹಾಕ್ತೀವಿ ಅಂತ ನಿಮಗೊಬ್ಬರಿಗೆ ಹೇಳಿದ್ದೆ. ಮರದಿನಾ ಗಜೇಂದ್ರಗಡದಾಗ ಮಾಳಗಿ ಮಾಳಗಿ ಮ್ಯಾಲ ಹುಣಸಿಚಿಗುರು ಒಣಾಕತ್ತಿತ್ತು!

ಪ್ರಭುಲಿಂಗಪ್ಪ: ನಾ ಒಬ್ಬಗ ಹೇಳಿದ್ದೆ. ಅದೂ ಆಣಿ ಮಾಡಿಸಿಕೊಂಡು.

ಸವಡಿಯ ಅಂಗಳದಲ್ಲಿ ಹತ್ತು ಹೆಂಗಸರು ಒಮ್ಮೆಲೇ ನಕ್ಕದ್ದು ರೋಣದ ಸ್ಪೀಕರಿನಲ್ಲಿ ಗರಗರ ಎಂದು ಕೇಳಿಸಿತು. ಪರದೆಯೊಳಗಿನಿಂದಲೂ ಯಾರೋ ಕಿಸಕ್ಕೆಂದರು.

ಚನ್ನವ್ವ: ಹೊತ್ತ ಹೊಂಟೈತಿ. ಶಬ್ದ ಹೇಳಂಗಿಲ್ಲ, ಸುಳುವು ಕೊಡ್ತೀನಿ. ನೀವ ತಿಳಕೋರಿ. ನಮ್ಮ ಮನ್ಯಾಗ ಐತಿ. ಹೊತ್ತಿಗೆ ಸರಿಯಾಗಿ ಮುಂದ ತಂದು ಇಡಬೇಕು. ತುಸು ತಡಾ ಆದ್ರ ಓಣಿಗೆಲ್ಲಾ ಕೇಳೂವಂಗ ಒದರತೈತಿ.

ಪ್ರಭುಲಿಂಗಪ್ಪ: ಇಷ್ಟ ಏನ! ಎಮ್ಮಿ! ನಮ್ಮ ಗಂಗಿ! ದಿಲಾವರ, ‘ಗಂಗಿ’ ಒತ್ತು.

ಚನ್ನವ್ವ: ಅಯ್ಯ ಶಿವನ, ತಡೀರಿ...

ಒತ್ತಿಯಾಗಿತ್ತು. ಕಂಪ್ಯೂಟರಿನ ಮೇಲೆ ಕೆಂಪು ಸಾಲು ಮೂಡಿತು.

ದಿಲಾವರ: ತಪ್ಪಾತ್ರಿ ಕಾಕಾರ. ಮೂರ ಸಲ ತಪ್ಪಿದ್ರ ಇವತ್ತಿನ ಮಟ್ಟಿಗೆ ಬಾಗಲಾ ಹಾಕ್ಕೊಂತೈತಿ. ಒಂದ ಹೋತು.

ಚನ್ನವ್ವ: ಎಮ್ಮಿ ಹೆಸರ ದಿನಾ ನೂರ ಸಲ ಕರೀತೀನಲ್ರಿ! ಬಾಯಾಗ ಬರಲಾರದ ಶಬ್ದ ಅಂದ್ರ ನಿಮಗ ತಿಳಿಯೂದಿಲ್ಲೇನ? ಸಮಾಧಾನಲೆ ಕೇಳ್ರಿ. ಮೂವತ್ತ ವರ್ಷದ ಹಿಂದ ನಮ್ಮಪ್ಪ ಹತ್ತ ಊರ ತಿರುಗಿ ಆರಿಸಿ ತಂದದ್ದು. ರಾತ್ರಿ ಎಲ್ಲಾ ಸಪ್ಪಳ ಮಾಡತೈತಿ. ಮುಂಜಾನೆ ತಡಾ. ಯಾರರೆ ಕೀಲಿ ಕೊಟ್ರನ ನಡಿಯೂದು.

ಪ್ರಭುಲಿಂಗಪ್ಪ: ತಿಳೀತು, ತಿಳೀತು! ಮದುವ್ಯಾಗ ನಿಮ್ಮಪ್ಪ ಕೊಟ್ಟ ಗ್ವಾಡಿ ಗಡಿಯಾರ! ಒತ್ತೋ ದಿಲಾವರ!

ದಿಲಾವರ: ಅವ್ವಾರನ್ನ ಒಂದ ಮಾತು ಕೇಳಿ...

ಪ್ರಭುಲಿಂಗಪ್ಪ: ಏನ ಕೇಳ್ತಿ? ಅದು ರಾತ್ರಿ ಮಾಡೂ ಸಪ್ಪಳಾ ನನಗ ಗೊತ್ತಿಲ್ಲೇನ? ಒತ್ತು!

ಮತ್ತೆ ಕೆಂಪು ಸಾಲು. ಫೋನಿನ ಆ ಕಡೆ ಚನ್ನವ್ವ ಹಣೆ ಚಚ್ಚಿಕೊಂಡ ಸದ್ದು ರೋಣದವರೆಗೂ ಬಂತು. ನಾಲ್ಕು ಗಂಟೆ ನಲವತ್ತೈದು ನಿಮಿಷ. ಉಳಿದದ್ದು ಒಂದೇ ಸಲ. ದಿಲಾವರನೇ ಒಂದು ಉಪಾಯ ಹುಡುಕಿದ.

ದಿಲಾವರ: ಮರತವರಿಗೆ ಕಂಪ್ಯೂಟರ್ ಒಂದ ಪ್ರಶ್ನಿ ಕೇಳತೈತ್ರಿ. ಉತ್ತರಾ ಸರಿ ಇದ್ರ ಬಾಗಲಾ ತೆಗೀತೈತಿ. ಅವ್ವಾರ, ನೀವು ಆರಿಸಿದ ಪ್ರಶ್ನಿ ಇಲ್ಲಿ ಬಂದೈತಿ: ‘ನಿಮ್ಮ ಮೆಚ್ಚಿನ ಹೀರೋ ಯಾರು?’

ಚನ್ನವ್ವ: ಅಲ್ಲೂ ಅದನ್ನ ಇಟ್ಟೀನೋ ತಮ್ಮಾ.

ನಾಲ್ಕೂ ಪರದೆಗಳು ಗೇಣು ಗೇಣು ಸರಿದವು. ಇಷ್ಟೊತ್ತು ಪ್ರಭುಲಿಂಗಪ್ಪ ಹುಡುಕುತ್ತಿದ್ದುದು ಒಂದು ಶಬ್ದವನ್ನು, ಈಗ ಅದಕ್ಕೆ ಮೀಸೆ ಬಂದುಬಿಟ್ಟಿತ್ತು. ಅವನಿಗೆ ಖಂಡಿತ ಹೊಟ್ಟೆಕಿಚ್ಚಾಯಿತು. ಟೋಪಿ ಸರಿಮಾಡಿಕೊಂಡು ಫೋನಿನ ಹತ್ತಿರ ಬಗ್ಗಿದ.

ಪ್ರಭುಲಿಂಗಪ್ಪ: ಗಂಡಸೇನ?

ಚನ್ನವ್ವ: ಹೌದ್ರಿ.

ಪ್ರಭುಲಿಂಗಪ್ಪ: ಯಾವೂರಾಂವ?

ಚನ್ನವ್ವ: ನಮ್ಮೂರವರ.

ಪ್ರಭುಲಿಂಗಪ್ಪ: ‘ಅವರ’ ಅಂತ ಮರ್ಯಾದಿ ಬ್ಯಾರೆ! ನೋಡಾಕ ಚಲೋ ಅದಾನೇನ?

ಚನ್ನವ್ವ: ಆಗ ಇದ್ರು. ಈಗ ನೆತ್ತಿ ತುಸು ಬೈಲಾಗೈತಿ.

ಪ್ರಭುಲಿಂಗಪ್ಪ ಟೋಪಿ ತೆಗೆದು ನೆತ್ತಿಯ ಬೆವರು ಒರೆಸಿಕೊಂಡು ಮತ್ತೆ ಹಾಕಿಕೊಂಡ.

ಪ್ರಭುಲಿಂಗಪ್ಪ: ಹೋಗಿ ಹೋಗಿ ಒಬ್ಬ ಬೋಳನ್ನ ಮೆಚ್ಚೀಯಾ?

ಚನ್ನವ್ವ: ಏನ ಮಾಡೂದ್ರಿ, ಹಣೇಬರಾ.

ಪ್ರಭುಲಿಂಗಪ್ಪ: ಅಂವಗ ಇದು ಗೊತ್ತೈತೇನ?

ಚನ್ನವ್ವ: ಇಷ್ಟೊತ್ತನಕ ಅದನ್ನ ಹೇಳಾಕತ್ತೀನಿ, ಅವರಿಗೆ ತಿಳೀವಲ್ದು.

ಪ್ರಭುಲಿಂಗಪ್ಪ: ಅಂದ್ರ ಅಂವ ಅಲ್ಲೇ ಬಂದು ಕುಂತಾನೇನ! ತಡಿ, ಬಂದೆ. ಅಂವನ ಕಾಲ ಮುರೀತೀನಿ!

ಚನ್ನವ್ವ: ಬ್ಯಾಡ್ರಿ! ಮೊದಲ ಅವರಿಗೆ ಮೊಣಕಾಲ ನೋವು ಐತಿ.

ಪ್ರಭುಲಿಂಗಪ್ಪ ಸ್ಟೂಲಿನ ಮೇಲೆ ಕುಸಿದು ತನ್ನ ಮೊಣಕಾಲನ್ನೇ ನೀವಿಕೊಂಡ. ಅಂಗಡಿಯಲ್ಲಿದ್ದ ಉಳಿದವರಿಗೆಲ್ಲ ವಿಷಯ ತಿಳಿದುಹೋಗಿತ್ತು. ದಿಲಾವರ ಗೋಡೆ ಕಡೆ ಮುಖ ಮಾಡಿ ನಿಂತಿದ್ದ. ಹಲ್ಲಿ ಎಣಿಸುತ್ತಿದ್ದಾನೆ ಎನ್ನೋಣವೆಂದರೆ ಭುಜಗಳು ಕುಣಿಯುತ್ತಿದ್ದವು.

ಪ್ರಭುಲಿಂಗಪ್ಪ: ನೀ ಯಾಕ ನಗತೀಯೋ? ನಿನಗೂ ಗೊತ್ತೈತೇನ ಅಂವ ಯಾರಂತ?

ದಿಲಾವರ: ಗೊತ್ತಾತ್ರಿ. ಆದ್ರ ಅವ್ವಾರು ಹೇಳಲಾರದ ನಾ ಒತ್ತಂಗಿಲ್ರಿ, ಅದು ನಮ್ಮ ಅಂಗಡಿ ರೀತಿ. ಅವ್ವಾರ, ಐದಕ್ಕ ಹತ್ತ ನಿಮಿಷ ಐತಿ. ಸುಮ್ನ ಹೇಳಾಕ ಬರಲಿಕ್ಕರ ಒಡಪು ಹಾಕಿ ಹೇಳ್ರೆಲಾ?

ಈ ಸೀಮೆಯ ಹೆಂಗಸರು ಗಂಡನ ಹೆಸರನ್ನು ಬರಿಬಾಯಲ್ಲಿ ಹೇಳುವುದಿಲ್ಲ. ಮದುವೆಯಲ್ಲೋ ಸೀಮಂತದಲ್ಲೋ ನಾಲ್ಕು ಜನ ಬಾಗಿಲು ಅಡ್ಡಗಟ್ಟಿ ಪೀಡಿಸಿದರೆ ಪ್ರಾಸ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಿ ಪಾರಾಗುತ್ತಾರೆ. ಅದೇ ಒಡಪು. ಆ ಮಾತು ಕೇಳಿದ್ದೇ ಸವಡಿಯ ಅಂಗಳದಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತು, ‘ಒಡಪು, ಒಡಪು’ ಎಂದು ಹತ್ತು ಬಾಯಿ ಕೂಗಿದವು.

ಪ್ರಭುಲಿಂಗಪ್ಪ: ನಾಚಿಕಿ ಬರೂದಿಲ್ಲೇನ! ಮಂದಿ ಗಂಡಸಿಗೆ ಒಡಪು ಹಾಕತೀಯಾ?

ಚನ್ನವ್ವ: ಬಾಯಿ ಮುಚ್ಚಿಕೊಂಡ ಕೇಳ್ರಿ!

ಬಳೆ ಹಿಂದೆ ಸರಿಸಿಕೊಂಡ ಸದ್ದಾಯಿತು. ಆಮೇಲೆ ಚನ್ನವ್ವ ರಾಗವಾಗಿ ಹೇಳಿದಳು:

ಹಂಚಿನ ಮ್ಯಾಗ ಉಬ್ಬೂದು ಬಿಳಿಜ್ವಾಳದ ರೊಟ್ಟಿ,
ಕಂಪ್ಯೂಟರಿನ ಬಾಗಲಾ ಕಬ್ಬಿಣಕಿಂತ ಗಟ್ಟಿ,
ಪ್ರಭುಲಿಂಗಪ್ಪನವರ ಹೆಸರ ಇಟ್ಟೀನಿ ಕೀಲಿ ಕಟ್ಟಿ!

ಅಂಗಳದಲ್ಲಿ ಚಪ್ಪಾಳೆ, ಅಂಗಡಿಯಲ್ಲಿ ಚಪ್ಪಾಳೆ. ಪ್ರಭುಲಿಂಗಪ್ಪ ಮಾತ್ರ ಬಾಯಿ ತೆರೆದುಕೊಂಡು ಕೂತಿದ್ದ. ಮೂವತ್ತು ವರ್ಷದ ಹಿಂದೆ ಮದುವೆಯ ಹೊಸ್ತಿಲಲ್ಲಿ ಒಮ್ಮೆ ಆ ದನಿಯಲ್ಲಿ ತನ್ನ ಹೆಸರು ಕೇಳಿದ್ದ, ಮತ್ತೆ ಕೇಳಿದ್ದು ಇವತ್ತು. ಅವನ ಕಣ್ಣು ತೇವವಾದವು, ಕಿವಿ ಕೆಂಪಾದವು. ಒಂದಿಷ್ಟು ಕೆಮ್ಮಿದ.

ಪ್ರಭುಲಿಂಗಪ್ಪ: ಲೈನ್ ಸರಿ ಇಲ್ಲ. ಕಡೀ ಸಾಲು ಕೇಳಸಲಿಲ್ಲ. ಇನ್ನೊಮ್ಮೆ ಹೇಳು.

ಚನ್ನವ್ವ: ಐದಕ್ಕ ಐದ ನಿಮಿಷ ಐತ್ರಿ!

ದಿಲಾವರ: ಕೊನಿಗೆ ಪಿ ಒಂದೋ ಎರಡೋ ಅವ್ವಾರ? ಇದ ಕಡೀ ಸಲ.

ಚನ್ನವ್ವ: ಎರಡು. ರೇಶನ್ ಕಾರ್ಡಿನ್ಯಾಗ ಇದ್ದಂಗ.

ಬಾಗಿಲು ತೆರೆಯಿತು. ‘ಒಪ್ಪಿಗೆ’ ಎಂಬುದು ನಾಲ್ಕು ಗಂಟೆ ಐವತ್ತೇಳು ನಿಮಿಷಕ್ಕೆ ಹುಬ್ಬಳ್ಳಿಗೆ ಹೋಯಿತು. ಸಂಘಕ್ಕೆ ಮಳಿಗೆ ಸಿಕ್ಕಿತು.

ಚನ್ನವ್ವ: ಇನ್ನ ಕೇಳ್ರಿ. ನಾಳೆ ನಾನ ಬಂದು ಅದನ್ನ ಬದಲಿ ಮಾಡ್ತೀನಿ. ಅಲ್ಲೀತನಕ ಈ ಮಾತು ನಿಮ್ಮ ಬಾಯಿಂದ ಹೊರಗ ಬೀಳಬಾರದು.

ಪ್ರಭುಲಿಂಗಪ್ಪ: ಇಟಗಿ ಭೀಮವ್ವನ ಆಣಿ!

ಪ್ರಭುಲಿಂಗಪ್ಪ ಆಣೆಯನ್ನು ನಿಷ್ಠೆಯಿಂದ ಪಾಲಿಸಿದ, ರಸ್ತೆ ದಾಟುವ ತನಕ. ರಸ್ತೆಯ ಆಚೆ ಗೌಸುಸಾಬನ ಚಹಾದಂಗಡಿ ಇತ್ತು. ಇಂಥ ಸಂತೋಷವನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಿಸಿ ಚಹಾ ಕುಡಿಯುವುದು ಯಾರಿಂದ ಸಾಧ್ಯ? ಗೌಸುಸಾಬನಿಂದ ಆಣೆ ಮಾಡಿಸಿಕೊಂಡೇ ಹೇಳಿದ. ಗೌಸುಸಾಬನೂ ಹಾಗೆಯೇ ಆಣೆ ಮಾಡಿಸಿಕೊಂಡು ಮುಂದಿನವರಿಗೆ ಹೇಳಿದ. ಆಣೆಗಳೆಲ್ಲ ಬಸ್ಸು ಹತ್ತಿದವು. ಸವಡಿಯಲ್ಲಿ ಬಸ್ಸು ನಿಂತಾಗ ಕಂಡಕ್ಟರ್ ಪರಶಪ್ಪ ಬಾಗಿಲು ಬಡಿದು ಕೂಗಿದ: “ಪಾಸ್‌ವರ್ಡ್ ಕಾಕಾರ, ನಿಮ್ಮೂರ ಬಂತು, ಇಳೀರಿ!”

ಚನ್ನವ್ವ ಬಸ್ಸು ನಿಲ್ಲುವಲ್ಲೇ ಇದ್ದ ತಮ್ಮ ಮನೆಯ ಕಟ್ಟೆಯ ಮೇಲೆ ನಿಂತು ಎಲ್ಲಾ ಕೇಳಿಸಿಕೊಂಡಿದ್ದಳು.

ಚನ್ನವ್ವ: ಎಷ್ಟ ಮಂದಿಗೆ ಹೇಳಿದ್ರಿ?

ಪ್ರಭುಲಿಂಗಪ್ಪ: ಒಬ್ಬಗ. ಅದೂ ಆಣಿ ಮಾಡಿಸಿಕೊಂಡು.

ಚನ್ನವ್ವ: ಹುಣಸಿಚಿಗುರು ಹೇಳಿದಂಗ!

ಪ್ರಭುಲಿಂಗಪ್ಪ: ಆತು ಬಿಡು, ತಪ್ಪಾತು. ನಾಳೆ ಹೊಸಾದು ಏನ ಇಡತಿ? ಎಮ್ಮಿ ಹೆಸರೇನ?

ಚನ್ನವ್ವ: ಅದನ್ನಂತೂ ಒಡಪು ಹಾಕಿನೂ ಹೇಳಂಗಿಲ್ಲ. ಆದ್ರ ನಿಮ್ಮಿಂದ ಒಂದ ಉಪಕಾರ ಆತ್ರಿ. ಮೂವತ್ತ ವರ್ಷ ‘ಏನ್ರಿ’, ‘ಇಲ್ಲೆ ನೋಡ್ರಿ’, ‘ಕೇಳಿಸ್ತೇನ್ರಿ’ ಅಂತ ಒದರಿ ಸಾಕಾಗಿತ್ತು. ಈಗ ಊರ ಮಂದಿ ನನಗ ಕರಿಯಾಕ ಬರೂವಂಥಾ ಒಂದ ಹೆಸರ ಇಟ್ಟಾರ.

ಪ್ರಭುಲಿಂಗಪ್ಪ ಚಪ್ಪಲಿ ಬಿಟ್ಟು, ಅದು ಯಾವ ಹೆಸರಿರಬಹುದು ಎಂದು ಯೋಚಿಸುತ್ತಾ ಕಟ್ಟೆಯ ಮೇಲೆ ಕೂತ. ಚನ್ನವ್ವ ಒಳಗೆ ಹೋಗಿ ತಾಟು ಇಟ್ಟು, ಅಲ್ಲಿಂದಲೇ ಓಣಿಗೆಲ್ಲಾ ಕೇಳುವಂತೆ ಕೂಗಿದಳು:

“ಪಾಸ್‌ವರ್ಡ್! ಕೈ ತೊಳಕೊಂಡ ಬರ್ರಿ, ರೊಟ್ಟಿ ಆರಾಕತ್ತಾವು!”