ಪುಂಡಿಯ ಕಟ್ಟೆ ಮತ್ತು ನನ್ನ ಮೂಗು

ದಾಕ್ಷಿಣ್ಯ ಒಳ್ಳೆಯ ಗುಣ ಎನ್ನುವವರು ನನ್ನನ್ನು ನೋಡಿಲ್ಲ. ಬಟ್ಟೆ ಅಂಗಡಿಯವನು ಹತ್ತಾರು ಸೀರೆ ಬಿಚ್ಚಿ ಹರಡಿದನೆಂದರೆ, ಬೇಡ ಎನ್ನಲಾರದೆ ಯಾವುದೋ ಒಂದನ್ನು ಕೊಂಡು ಮನೆಗೆ ಬಂದು ಹೆಂಡತಿಯಿಂದ ಬೈಸಿಕೊಳ್ಳುವವನು ನಾನು. ಇಂಥವನನ್ನು ಎಪ್ಪತ್ತರ ದಶಕದಲ್ಲಿ ಹೊನ್ನಾಳಿಯ ಕಚೇರಿಯೊಂದರಲ್ಲಿ ಕೂರಿಸಿ, ಕಾರ್ಖಾನೆಗೆ ಹೋಗುವ ಬೆಳೆಗಳಿಂದ ನೆಲ ನೀರು ಕೆಡುತ್ತವೆಯೋ ಇಲ್ಲವೋ ನೋಡಿಕೊಂಡು ಬಾ ಎಂದು ಊರೂರಿಗೆ ಕಳಿಸುತ್ತಿದ್ದರು.

ಹಾಗೆ ಒಮ್ಮೆ ಪುಂಡಿ ನೋಡಲು ಹೋದೆ. ನಾವು ಸೊಪ್ಪು ಕಿತ್ತು ಪಲ್ಯ ಮಾಡುತ್ತೇವಲ್ಲ, ಅದೇ ಪುಂಡಿ. ಎತ್ತರ ಬೆಳೆಸಿ ದಂಟನ್ನು ನೀರಲ್ಲಿ ಕೊಳೆಹಾಕಿದರೆ ನಾರು ಬಿಡುತ್ತದೆ. ಆ ನಾರು ಗೋಣಿಚೀಲದ ಕಾರ್ಖಾನೆಗೆ ಹೋಗುತ್ತದೆ. ಹೊಲದಲ್ಲಿ ನಿಂತಿರುವಷ್ಟು ದಿನ ಬಹಳ ಸಾಧು ಬೆಳೆ. ತಕರಾರೆಲ್ಲ ಕೊಳೆಹಾಕುವ ನೀರಿನದು. ದನ ನೀರು ಕುಡಿಯುವ ಕಟ್ಟೆಯಲ್ಲೇ ಕೊಳೆಹಾಕುತ್ತಾರೆಂದು ಆ ಊರಿನಿಂದ ದೂರು ಬಂದಿತ್ತು. ಹಾಕುತ್ತಿದ್ದವರು ರುದ್ರಪ್ಪನವರು. ಅವರ ಮಗನೇ ಅದೇ ಸಂಜೆ ನನ್ನ ನಾದಿನಿ ಗಿರಿಜೆಯನ್ನು ನೋಡಲು ನ್ಯಾಮತಿಯ ನನ್ನ ಅತ್ತೆಮನೆಗೆ ಬರಲಿದ್ದ ವರ! ಮಾವ ತೀರಿಕೊಂಡ ಮನೆ. ಸಂಬಂಧ ಕೂಡಿಸುವ ಭಾರ ಹಿರಿಯ ಅಳಿಯನಾದ ನನ್ನ ಮೇಲಿತ್ತು. ಸಾಲದ್ದಕ್ಕೆ ಮೂಗು ಕಟ್ಟಿದ ನೆಗಡಿ ಬೇರೆ.

ಕರ್ತವ್ಯ ತೋರಿಸಬೇಕಲ್ಲ, ಪಂಚೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿಗಿಳಿದೆ. ನೀರು ಕಾಡಿಗೆಯಂತಿತ್ತು. ದಡದಲ್ಲಿ ಎರಡು ಎಮ್ಮೆ ಮೂತಿ ಇಟ್ಟು ಹಿಂದೆ ಸರಿದವು.

"ಏನೂ ವಾಸ್ನೆ ಇಲ್ಲ ಅಲ್ವೇನ್ರೀ ಸಾಹೇಬ್ರೆ?" ಅಂದರು ರುದ್ರಪ್ಪ, ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು.

"ಎಲ್ಲೈತ್ರಿ? ಏನೂ ಇಲ್ಲ," ಅಂದೆ. ಎಮ್ಮೆಗಳ ಅಭಿಪ್ರಾಯವನ್ನು ನಾನು ಗಣನೆಗೆ ತೆಗೆದುಕೊಳ್ಳಲಿಲ್ಲ.

ನ್ಯಾಮತಿಯ ಬಸ್ಸಿನಲ್ಲಿ ಜನ ಕಿಕ್ಕಿರಿದಿದ್ದರೂ ನನ್ನ ಪಕ್ಕದ ಸೀಟು ಖಾಲಿಯೇ ಉಳಿಯಿತು. ಅಧಿಕಾರಿಗೆ ಎಷ್ಟು ಗೌರವ ಎಂದು ಬೀಗಿದೆ. ತಡವಾಗಿದ್ದರಿಂದ ಸೀದಾ ಹೋಗಿ, ಬೇರೆ ದಾರಿಯಲ್ಲಿ ಮೊದಲೇ ಬಂದಿದ್ದ ವರನ ಕಡೆಯವರ ನಡುವೆ ಜಮಖಾನದ ಮೇಲೆ ಕೂತೆ. ಉಪ್ಪಿಟ್ಟು ಬಂತು. ಯಾರೂ ಮುಟ್ಟಲಿಲ್ಲ. ಅತ್ತೆ ಬಚ್ಚಲ ಮೋರಿ ನೋಡಿಬಂದರು. ಹೆಂಡತಿ ಕಿಟಕಿ ತೆಗೆದಳು. ಕೊನೆಗೆ ವರನ ತಾಯಿ ಸೆರಗನ್ನು ಮೂಗಿಗೆ ಒತ್ತಿಕೊಂಡು, "ಇದು ನಮ್ಮೂರ ದನ ನೀರು ಕುಡಿಯೋ ಕಟ್ಟೆ ವಾಸ್ನೆ ಅಲ್ಲೇನ್ರೀ? ಇಲ್ಲಿಗೂ ಬಂತಾ?" ಅಂದುಬಿಟ್ಟರು. ಎಲ್ಲರೂ ನನ್ನ ಪಂಚೆಯ ಕಡೆ ತಿರುಗಿದರು.

ತಟ್ಟೆ ಹಿಡಿದು ನಿಂತಿದ್ದ ಗಿರಿಜೆ ಅದನ್ನು ಕೆಳಗಿಟ್ಟಳು. "ಈ ನೀರು ದನ ಕುಡಿಯೋ ಊರಿಗೆ ನಾನು ಬರಾಕಿಲ್ಲ," ಅಂದಳು.

ರುದ್ರಪ್ಪನವರಿಗೆ ಸಿಟ್ಟು ಬಂತು. "ನಿಮ್ಮ ಭಾವನೇ ನೋಡಿ ಚಲೋ ಐತೆ ಅಂದಾರಲ್ಲವ್ವಾ!"

ಎಲ್ಲರ ಮುಂದೆ ನಾನು ತಲೆ ತಗ್ಗಿಸಿ, "ನನಗೆ ನೆಗಡಿ ಇತ್ತು ಕಣಮ್ಮ, ವಾಸನೆ ತಿಳಿಯಲಿಲ್ಲ," ಅಂದೆ.

"ನೆಗಡಿ ಮೂಗಿಗೆ ತಾನೆ ಭಾವ? ಕಣ್ಣಿಗೇನಾಗಿತ್ತು?"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವಳು ಗಟ್ಟಿಯಾಗಿ ಕೂಡ ಕೇಳಿರಲಿಲ್ಲ. ಆಗ ವರ, "ಅಪ್ಪಾ, ಹೊಲದಾಗೆ ಬೇರೆ ಹೊಂಡ ತೋಡ್ಸಾನ. ಈ ಹುಡುಗೀನೇ ಆಗ್ಲಿ," ಅಂದ.

ಮದುವೆಗೆ ಮೊದಲೇ ಹೊಂಡವಾಯಿತು, ಕಟ್ಟೆ ತಿಳಿಯಾಯಿತು, ಎಮ್ಮೆಗಳು ಮತ್ತೆ ಅಲ್ಲಿಗೆ ಬಂದವು. ಇದರಲ್ಲೆಲ್ಲ ನನ್ನ ಪಾಲು ಏನೇನೂ ಇಲ್ಲ. ಆ ಮನೆಗೆ ಹೋದರೆ ಈಗಲೂ ಭರ್ಜರಿ ಉಪಚಾರ. ಗಿರಿಜೆ ತಾನೇ ಮುಂದೆ ನಿಂತು ಬಡಿಸುತ್ತಾಳೆ. ಪಂಕ್ತಿಯಲ್ಲಿ ಕೂತ ಒಬ್ಬೊಬ್ಬರನ್ನೂ ಸಾರಿಗೆ ಉಪ್ಪು ಸರಿ ಐತಾ ಎಂದು ಕೇಳುತ್ತಾ ಬಂದು, ನನ್ನ ಎಲೆಯನ್ನು ಮಾತ್ರ ಸುಮ್ಮನೆ ದಾಟಿ ಮುಂದೆ ಹೋಗುತ್ತಾಳೆ.